ವೆನಿಲ್ಲಾ: ಹೂವಿನಿಂದ ಸೀಸೆಯವರೆಗೆ



ನಾವೆಲ್ಲ ಐಸ್‌ಕ್ರೀಂ ತಿಂದಿದ್ದೇವೆ. ಕೇಕ್ ತಿಂದಿದ್ದೇವೆ. ಬಾಯಿಗೆ ಇಡುವ ಮೊದಲೇ ಒಂದು ಘಮ ಮೂಗಿಗೆ ಬರುತ್ತೆ, ಅಲ್ವಾ? ಅದೇ ವೆನಿಲ್ಲಾ. ಅದು ಎಲ್ಲಿಂದ ಬರುತ್ತೆ? ಬನ್ನಿ, ತಿಳಿಯೋಣ.

ವೆನಿಲ್ಲಾ ಒಂದು ಬಳ್ಳಿ. ಕಾಳುಮೆಣಸಿನ ಹಾಗೆ ಮರಕ್ಕೆ ಹಬ್ಬುತ್ತದೆ. ಇದರ ತವರು ಮೆಕ್ಸಿಕೋ ದೇಶ. ಹೂವು ಬೆಳಿಗ್ಗೆ ಅರಳುತ್ತದೆ, ಅದೇ ದಿನ ಬಾಡುತ್ತದೆ. ಅಷ್ಟರಲ್ಲಿ ಹೂವಿನ ಪರಾಗ ಹೆಣ್ಣು ಭಾಗಕ್ಕೆ ತಾಗಬೇಕು. ಇಲ್ಲದಿದ್ದರೆ ಕಾಯಿ ಇಲ್ಲ. ಬೇರೆ ದೇಶಗಳಿಗೆ ಒಯ್ದ ಬಳ್ಳಿ ಹೂ ಬಿಟ್ಟರೂ ಕಾಯಿ ಕಚ್ಚುತ್ತಿರಲಿಲ್ಲ.

ದಾರಿ ತೋರಿಸಿದವನು ಒಬ್ಬ ಹುಡುಗ. ಅವನ ಹೆಸರು ಎಡ್ಮಂಡ್. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ. 1841ರಲ್ಲಿ ಅವನಿಗೆ ಸುಮಾರು 12 ವರ್ಷ. ಸಣ್ಣ ಕಡ್ಡಿಯಿಂದ ಹೂವಿನೊಳಗಿನ ಪೊರೆ ಎತ್ತಿದ. ಬೆರಳಿನಿಂದ ಮೆಲ್ಲಗೆ ಒತ್ತಿದ. ಕಾಯಿ ಕಟ್ಟಿತು! ಇಂದಿಗೂ ತೋಟಗಳಲ್ಲಿ ಇದೇ ವಿಧಾನ. ಅವನ ಉಪಾಯದಿಂದ ಎಷ್ಟೋ ಜನ ಹಣ ಮಾಡಿದರು. ಅವನು ಮಾತ್ರ 1880ರಲ್ಲಿ ಬಡವನಾಗಿಯೇ ಸತ್ತ.

ಹಸಿ ಕಾಯಿಗೆ ಘಮ ಇಲ್ಲ. ಕಾಯಿ ಬಲಿಯಲು ಎಂಟು ಒಂಬತ್ತು ತಿಂಗಳು ಬೇಕು. ಆಮೇಲೆ ಬಿಸಿನೀರಿನಲ್ಲಿ ಅದ್ದಬೇಕು. ಕಂಬಳಿಯಲ್ಲಿ ಸುತ್ತಿ ಬೆವರಿಸಬೇಕು. ಬಿಸಿಲಿಗೆ ಹಾಕಬೇಕು, ನೆರಳಲ್ಲಿ ಒಣಗಿಸಬೇಕು. ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡಬೇಕು. ಐದಾರು ಕಿಲೋ ಹಸಿ ಕಾಯಿಗೆ ಸಿಗುವುದು ಒಂದೇ ಕಿಲೋ ಒಣ ಕಾಯಿ.

ನಮ್ಮ ಮಲೆನಾಡು, ಕೊಡಗು, ದಕ್ಷಿಣ ಕನ್ನಡದ ರೈತರೂ ಇದನ್ನು ಬೆಳೆದರು. 2000ದಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಚಂಡಮಾರುತ ಬಡಿಯಿತು. ಹೆಚ್ಚು ವೆನಿಲ್ಲಾ ಬೆಳೆಯುವ ನಾಡು ಅದೇ. ಬೆಲೆ ಏರಿತು. 2003ರ ಹೊತ್ತಿಗೆ ಹಸಿ ಕಾಯಿಯೇ ಕಿಲೋಗೆ ಸಾವಿರಾರು ರೂಪಾಯಿ! ಕಳ್ಳರ ಭಯಕ್ಕೆ ರೈತರು ರಾತ್ರಿ ತೋಟ ಕಾದರು. ಎರಡೇ ವರ್ಷದಲ್ಲಿ ಬೆಲೆ ಕುಸಿಯಿತು. ಸಾಲ ಮಾಡಿ ಬಳ್ಳಿ ನೆಟ್ಟವರು ಕೈ ಸುಟ್ಟುಕೊಂಡರು.

ಬೆಲೆ ಯಾಕೆ ಬಿತ್ತು? ಮಡಗಾಸ್ಕರಿನಲ್ಲಿ ಮತ್ತೆ ಬೆಳೆ ಬಂತು. ಇನ್ನೊಂದು ಕಾರಣವೂ ಇದೆ. ವೆನಿಲ್ಲಾದ ಮುಖ್ಯ ಘಮ ವೆನಿಲಿನ್ ಎಂಬ ವಸ್ತುವಿನದು. 1874ರಲ್ಲೇ ಅದನ್ನು ಕೃತಕವಾಗಿ ತಯಾರಿಸಿದ್ದರು. ಕಾಯಿ ದುಬಾರಿ ಆದಾಗ ಕಂಪನಿಗಳು ಈ ಅಗ್ಗದ ವೆನಿಲಿನ್ ಕಡೆ ತಿರುಗಿದವು. ಅಂಗಡಿಯಲ್ಲಿ ಸಿಗುವ ಅಗ್ಗದ ಎಸೆನ್ಸ್ ಸೀಸೆಯಲ್ಲಿ ಇರುವುದೂ ಸಾಮಾನ್ಯವಾಗಿ ಇದೇ. ಅದು ವಿಷ ಅಲ್ಲ, ಮಿತಿಯಲ್ಲಿ ಬಳಸಬಹುದು. ಆದರೆ ಕೃತಕವನ್ನು ಅಸಲಿ ಅಂತ ನಂಬಿ ಹೆಚ್ಚು ದುಡ್ಡು ಕೊಡುವುದು ಬೇಡ.

ಬಳಸುವುದು ಹೇಗೆ? ಕಾಯಿಯನ್ನು ಉದ್ದಕ್ಕೆ ಸೀಳಿ. ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜಗಳಿರುತ್ತವೆ. ಅವನ್ನು ಕೆರೆದು ಹಾಲಿಗೆ ಹಾಕಿ, ಸಿಪ್ಪೆಯನ್ನೂ ಹಾಕಿ ಕುದಿಸಿ. ಕಸ್ಟರ್ಡಿಗೆ, ಐಸ್‌ಕ್ರೀಮಿಗೆ ಈ ಹಾಲು ಬಲು ರುಚಿ. ಸಿಪ್ಪೆ ಎಸೆಯಬೇಡಿ. ತೊಳೆದು ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹುದುಗಿಸಿಡಿ. ಕೆಲವು ದಿನಗಳಲ್ಲಿ ಸಕ್ಕರೆಯೇ ಘಮಘಮ ಅನ್ನುತ್ತೆ. ಎಸೆನ್ಸ್ ಆದರೆ ಕೆಲವೇ ಹನಿ ಸಾಕು. ಹೆಚ್ಚಾದರೆ ಕಹಿ. ಕಸ್ಟರ್ಡನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಿ, ಇಲ್ಲದಿದ್ದರೆ ಘಮ ಹಾರಿಹೋಗುತ್ತೆ. ಕೇಕಿನ ಹಿಟ್ಟಿಗೆ ಹಾಕಿದರೆ ಮೊಟ್ಟೆಯ ವಾಸನೆ ಅಡಗುತ್ತೆ.

ಮಡಗಾಸ್ಕರಿನ ರೈತರು ಹಸಿ ಕಾಯಿಯ ಮೇಲೆ ಮುಳ್ಳು, ಸೂಜಿಗಳಿಂದ ಗುರುತು ಚುಚ್ಚುತ್ತಾರೆ. ಅಕ್ಷರ, ಅಂಕಿ ಚುಚ್ಚುವವರೂ ಇದ್ದಾರೆ. ಕಾಯಿ ಒಣಗಿದರೂ ಗುರುತು ಅಳಿಯುವುದಿಲ್ಲ. ಕದ್ದವನು ಸಿಕ್ಕಿಬೀಳುತ್ತಾನೆ. ನೋಡಿದಿರಾ, ಅಕ್ಷರ ಬೆಳೆದವನ ಬೆಳೆ ಕಾಯುತ್ತದೆ. ಕೊಳ್ಳುವ ನಮ್ಮ ದುಡ್ಡನ್ನೂ ಕಾಯುತ್ತದೆ.

ಇನ್ನು ಮೇಲೆ ಸೀಸೆ ಕೊಳ್ಳುವಾಗ ಚೀಟಿ ಓದೋಣ. ಒಳಗೆ ಏನಿದೆ? ತಯಾರಾದ ದಿನ ಯಾವುದು? ಎಷ್ಟು ದಿನ ಬಳಸಬಹುದು? ಬೆಲೆ ಎಷ್ಟು? ಇಂಗ್ಲಿಷಿನಲ್ಲಿದ್ದರೆ ಓದು ಬಲ್ಲ ಮಕ್ಕಳಿಂದ ಓದಿಸೋಣ. ‘ಆರ್ಟಿಫಿಷಿಯಲ್’ ಅಂತ ಇದ್ದರೆ ಅದು ಕೃತಕ ಅಂತ ತಿಳಿಯೋಣ. ಕೇಳಲು ನಾಚಿಕೆ ಬೇಡ. ದುಡ್ಡು ನಮ್ಮದು, ತಿನ್ನುವವರೂ ನಾವೇ.