ಮಡಿಲಲ್ಲಿ ಮಗು, ಮುಗಿಲಲ್ಲಿ ಪಯಣ

ಒಂಟಿಯಾಗಿ ಪ್ರಯಾಣ ಮಾಡುವಾಗ ಧೈರ್ಯಸ್ಥರೆನಿಸಿಕೊಂಡವರು, ಮಡಿಲಲ್ಲಿ ಒಂದು ಮಗು ಬಂದು ಕುಳಿತೊಡನೆ ಅಂಜುಬುರುಕರಾಗುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ತನ್ನ ಪ್ರಾಣವನ್ನು ಲೆಕ್ಕಕ್ಕಿಡದ ಮನುಷ್ಯನೂ ಮಗುವಿನ ಪ್ರಾಣವನ್ನು ಪಣಕ್ಕೊಡ್ಡಲಾರ. ಈ ಅಂಜಿಕೆ ಎತ್ತಿನಗಾಡಿಯ ಕಾಲದಲ್ಲಿಯೂ ಇತ್ತು. ತುಂಬಿದ ಹೊಳೆಯನ್ನು ದೋಣಿಯಲ್ಲಿ ದಾಟುವ ಕಾಲದಲ್ಲಿಯೂ ಇತ್ತು. ಆದರೆ ವಿಮಾನ ಪ್ರಯಾಣದಲ್ಲಿ ಅದು ತಾಳುವ ರೂಪವೇ ಬೇರೆ. ದೋಣಿಯಲ್ಲಿ ಅಂಬಿಗನ ಮುಖ ಕಾಣುತ್ತದೆ. ಗಾಡಿಯಿಂದ ಬೇಕೆಂದಾಗ ಇಳಿಯಬಹುದು. ವಿಮಾನದಲ್ಲಿ ನಡೆಸುವವನ ಮುಖವೂ ಕಾಣದು, ನಡುವೆ ಇಳಿಯುವ ಮಾತೂ ಇಲ್ಲ. ಮಗುವನ್ನು ತಬ್ಬಿಕೊಂಡು ಕೂರುವುದರ ಹೊರತು ಹೆತ್ತವರಿಗೆ ಅಲ್ಲಿ ಬೇರೆ ಕೆಲಸವಿಲ್ಲ. ಕೆಲಸವಿಲ್ಲದ ಮನಸ್ಸಿನಲ್ಲಿ ಭಯ ಬೇಗ ಮನೆಮಾಡುತ್ತದೆ.

ಈ ವಿಷಯವಾಗಿ ಮಾತನಾಡಲು ನಾನು ವೈದ್ಯನಲ್ಲ. ವಿಮಾನಶಾಸ್ತ್ರ ಬಲ್ಲವನೂ ಅಲ್ಲ. ಒಬ್ಬ ಮಗಳ ತಂದೆ, ಇಬ್ಬರು ಮೊಮ್ಮಕ್ಕಳ ತಾತ. ನನಗಿರುವ ಅಧಿಕಾರ ಇಷ್ಟೇ. ಅದರೊಂದಿಗೆ ಮಾಡಬೇಕಾದ ಒಂದು ತಪ್ಪೊಪ್ಪಿಗೆಯೂ ಇದೆ.

1992ರ ಮಳೆಗಾಲ. ದೇವನಹಳ್ಳಿಯ ನಿಲ್ದಾಣ ತೆರೆದದ್ದು 2008ರಲ್ಲಿ. ನಾನು ಹೇಳುತ್ತಿರುವ ಕಾಲದಲ್ಲಿ ಬೆಂಗಳೂರಿನ ವಿಮಾನಗಳು ಎಚ್.ಎ.ಎಲ್. ನಿಲ್ದಾಣದಿಂದ ಹೊರಡುತ್ತಿದ್ದವು. ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ನಾನು ಮುಂಬಯಿಗೆ ಹೊರಟಿದ್ದೆ. ಇಬ್ಬರಿಗೂ ಅದೇ ಮೊದಲ ವಿಮಾನಯಾನ. ಹೊರಟು ಸ್ವಲ್ಪ ಹೊತ್ತಿಗೆ ವಿಮಾನ ಮೋಡಗಳ ನಡುವೆ ಹೊಕ್ಕು ಕುಲುಕಾಡತೊಡಗಿತು. ಒಮ್ಮೆ ಇದ್ದಕ್ಕಿದ್ದಂತೆ ಕೆಳಕ್ಕೆ ಜಾರಿದಂತಾಯಿತು. ನಾನು ಮಗಳ ಕೈಯನ್ನು ಬಲವಾಗಿ ಹಿಡಿದುಕೊಂಡೆ. ಬಾಯಲ್ಲಿ ಮಾತ್ರ, ‘ಏನೂ ಇಲ್ಲ ಮಗು, ಏನೂ ಇಲ್ಲ’ ಎನ್ನುತ್ತಲೇ ಇದ್ದೆ. ಅವಳು ಅಳಲಿಲ್ಲ, ಏನನ್ನೂ ಕೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಮುಂಬಯಿಯಲ್ಲಿ ಇಳಿದ ಮೇಲೆ ನೋಡಿದರೆ, ಅವಳ ಪುಟ್ಟ ಅಂಗೈಯ ಮೇಲೆ ನನ್ನ ಉಗುರುಗಳ ನಾಲ್ಕು ಗುರುತುಗಳು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ನನ್ನ ಹೆಂಡತಿಗೂ ಹೇಳಲಿಲ್ಲ.

ಮಗು ಕಿವಿಗಿಂತ ಮೊದಲು ಕಣ್ಣಿನಿಂದ ಕೇಳುತ್ತದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಅನಂತರ, ಒಂದು ಪ್ರಯೋಗದ ವಿವರವನ್ನು ಓದಿದಾಗ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಎಂಬ ಮನಶ್ಶಾಸ್ತ್ರಜ್ಞರು 1960ರ ಸುಮಾರಿನಲ್ಲಿ ಒಂದು ವಿಚಿತ್ರವಾದ ಮೇಜನ್ನು ಮಾಡಿಸಿದ್ದರು. ಮೇಜಿನ ಮೇಲ್ಭಾಗವೆಲ್ಲ ಗಟ್ಟಿ ಗಾಜು. ಅದರ ಅರ್ಧಕ್ಕೆ ಗಾಜಿನ ಅಡಿಗೇ ತಾಗಿದಂತೆ ಚೌಕಳಿ ಹಾಸು. ಉಳಿದ ಅರ್ಧದಲ್ಲಿ ಅದೇ ಹಾಸು ಬಹಳ ಕೆಳಗೆ. ಅಂಬೆಗಾಲಿಡುವ ಕೂಸಿನ ಕಣ್ಣಿಗೆ ಅಲ್ಲೊಂದು ಕಮರಿ ಇದ್ದಂತೆ ತೋರುತ್ತದೆ; ವಾಸ್ತವವಾಗಿ ಬೀಳುವ ಅಪಾಯವೇನೂ ಇಲ್ಲ. 1985ರಲ್ಲಿ ಜೇಮ್ಸ್ ಸೋರ್ಸ್ ಮತ್ತು ಅವರ ಸಂಗಡಿಗರು ಇಂಥದೇ ಮೇಜಿನ ಮೇಲೆ, ಕಮರಿಯ ಆಳವನ್ನು ತಗ್ಗಿಸಿ, ಒಂದು ವರ್ಷದ ಕೂಸುಗಳನ್ನು ಬಿಟ್ಟರು. ಆಚೆ ದಡದಲ್ಲಿ ತಾಯಿ. ಆಕೆ ಮಾತನಾಡುವಂತಿಲ್ಲ, ಮುಖಭಾವವೊಂದೇ ಆಕೆಯ ಭಾಷೆ. ಕೂಸು ಅಂಚಿನ ತನಕ ಬಂದು, ಅನುಮಾನದಿಂದ ತಲೆಯೆತ್ತಿ ತಾಯಿಯ ಮುಖ ನೋಡುತ್ತಿತ್ತು. ತಾಯಿ ನಗುಮುಖ ತೋರಿದಾಗ 19 ಕೂಸುಗಳಲ್ಲಿ 14 ಆ ಗಾಜನ್ನು ದಾಟಿ ಬಂದವು. ತಾಯಿ ಭಯದ ಮುಖ ತೋರಿದಾಗ 17 ಕೂಸುಗಳಲ್ಲಿ ಒಂದೂ ದಾಟಲಿಲ್ಲ.

ಇದನ್ನು ಓದಿದ ದಿನ ನನಗೆ ಆ ನಾಲ್ಕು ಉಗುರಿನ ಗುರುತುಗಳು ನೆನಪಾದವು. ‘ಏನೂ ಇಲ್ಲ’ ಎಂದು ನಾನು ನೂರು ಸಲ ಹೇಳಿರಬಹುದು. ಮಗಳು ಓದಿಕೊಂಡದ್ದು ನನ್ನ ಮುಖವನ್ನು, ನನ್ನ ಕೈಯನ್ನು.

ಆ ಮಗಳು ಬೆಳೆದಳು, ಮದುವೆಯಾದಳು. ಈಗ ಏಳು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಗಂಡನ ಮನೆ ಮಂಗಳೂರಿನ ಕಡೆ. 2025ರ ಜುಲೈ ತಿಂಗಳಿನಲ್ಲಿ ಅವಳ ಅತ್ತೆಯವರಿಗೆ ಕಾಯಿಲೆಯಾಗಿ, ಮೊಮ್ಮಕ್ಕಳನ್ನು ನೋಡಬೇಕೆಂದು ಹೇಳಿಕಳುಹಿಸಿದರು. ಅಳಿಯ ಮೊದಲೇ ಹೋಗಿದ್ದ. ಮಕ್ಕಳನ್ನು ಕರೆದೊಯ್ಯಲು ಮಗಳಿಗೆ ಜೊತೆಯಾಗಿ ನಾನು ಹೊರಟೆ. ವಿಮಾನದ ಟಿಕೆಟ್ಟುಗಳನ್ನು ಅಳಿಯ ತೆಗೆಸಿದ್ದ. ಒಂದು ಗಂಟೆಯ ಪ್ರಯಾಣ. ಹೊರಡುವ ಹಿಂದಿನ ದಿನ ಮಗಳು ಬಂದು, ‘ಅಪ್ಪಾ, ಟಿಕೆಟ್ ರದ್ದು ಮಾಡಿಸಿಬಿಟ್ಟೆ. ನಾಲ್ಕು ರಾತ್ರಿಯಿಂದ ನಿದ್ದೆಯಿಲ್ಲ. ರೈಲಿನಲ್ಲಿ ಸ್ಥಳವಿಲ್ಲ, ಬಸ್ಸಿನಲ್ಲಿ ಹೋಗೋಣ’ ಎಂದಳು.

ಅವಳನ್ನು ಗದರಿಸುವ ಧೈರ್ಯ ನನಗಾಗಲಿಲ್ಲ. ಜೂನ್ 12ರಂದು ಅಹಮದಾಬಾದಿನಲ್ಲಿ ಲಂಡನ್ನಿಗೆ ಹೊರಟ ವಿಮಾನ ಮೇಲೇರಿದ ಕ್ಷಣಗಳಲ್ಲೇ ಬಿದ್ದು, ಅದರಲ್ಲಿದ್ದ 242 ಮಂದಿಯ ಪೈಕಿ ಒಬ್ಬರೇ ಬದುಕುಳಿದ ದಾರುಣ ಸುದ್ದಿ ಇನ್ನೂ ಹಸಿಯಾಗಿತ್ತು. ನಾವು ಹೋಗಬೇಕಾಗಿದ್ದ ಬಜಪೆಯ ನಿಲ್ದಾಣವಾದರೋ ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ್ದು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಅಲ್ಲಿ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡದ್ದನ್ನು ಕರಾವಳಿಯ ಯಾವ ಮನೆಯೂ ಮರೆತಿಲ್ಲ. ತಾಯಿಯ ಭಯ ಹುಚ್ಚು ಕಲ್ಪನೆ ಎಂದು ತಳ್ಳಿಹಾಕುವವರು ಇಂಥ ದಿನಗಳನ್ನು ನೆನೆಯಬೇಕು. ಭಯಕ್ಕೆ ಕಾರಣ ಇದ್ದೇ ಇರುತ್ತದೆ. ಆದರೆ ಕಾರಣ ಎಷ್ಟು ದೊಡ್ಡದು, ಭಯ ಎಷ್ಟು ದೊಡ್ಡದು ಎಂಬ ಎರಡು ಅಳತೆಗಳು ಒಂದಕ್ಕೊಂದು ಹೊಂದುವುದಿಲ್ಲ.

ಇದು ನನಗೆ ಮನದಟ್ಟಾದದ್ದು ಆ ರಾತ್ರಿಯ ಬಸ್ಸಿನಲ್ಲಿ. ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿಯುವಾಗ ನಡುರಾತ್ರಿ ಕಳೆದಿತ್ತು. ಜಡಿಮಳೆ, ಮಂಜು, ತಿರುವಿಗೊಂದು ಲಾರಿ. ಒಂದು ಕಡೆ ನಮ್ಮ ಬಸ್ಸಿನ ಹಿಂದಿನ ಗಾಲಿ ಕೆಸರಿನಲ್ಲಿ ಜಾರಿ, ಕಿಟಕಿಯಲ್ಲಿ ಒಂದು ಕ್ಷಣ ರಸ್ತೆಯೇ ಕಾಣದಾಯಿತು. ನಾನು ಬೆವರಿ ಪಕ್ಕಕ್ಕೆ ನೋಡಿದೆ. ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದ ನನ್ನ ಮಗಳು ನೆಮ್ಮದಿಯಿಂದ ಮಲಗಿದ್ದಳು. ಮಗು ಅವಳ ಮಡಿಲಿನಿಂದ ಅರ್ಧ ಜಾರಿತ್ತು; ಅದನ್ನು ಹಿಡಿದಿಡಲು ಒಂದು ಪಟ್ಟಿಯೂ ಇರಲಿಲ್ಲ.

ನಮ್ಮ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷದಲ್ಲಿ 1,68,000ಕ್ಕೂ ಹೆಚ್ಚು ಜನ ಅಪಘಾತಗಳಲ್ಲಿ ಸತ್ತರೆಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಅವರು ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಸಾಯುವುದರಿಂದ ಸುದ್ದಿಯಾಗುವುದಿಲ್ಲ. ಸುದ್ದಿಯಾಗದ್ದು ನಮ್ಮ ನಿದ್ದೆಯನ್ನೂ ಕೆಡಿಸುವುದಿಲ್ಲ. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಗೋಪುರಗಳಿಗೆ ವಿಮಾನಗಳನ್ನು ನುಗ್ಗಿಸಿದ ಮೇಲೆ ಅಮೆರಿಕದ ಅಸಂಖ್ಯ ಜನ ವಿಮಾನ ಬಿಟ್ಟು ಕಾರು ಹತ್ತಿದರು. ಹಾಗೆ ಮಾಡಿದ್ದರಿಂದಲೇ ಮುಂದಿನ ಹನ್ನೆರಡು ತಿಂಗಳಲ್ಲಿ ಸುಮಾರು 1500 ಮಂದಿ ರಸ್ತೆಗಳಲ್ಲಿ ಹೆಚ್ಚಾಗಿ ಸತ್ತರೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಅಂದಾಜು ಮಾಡಿದ್ದಾರೆ. ಭಯ ಅವರನ್ನು ಅಪಾಯದಿಂದ ದೂರ ಒಯ್ಯಲಿಲ್ಲ. ದೊಡ್ಡ ಅಪಾಯದ ಕೈಗೇ ಒಪ್ಪಿಸಿತು.

ಹಾಗೆಂದು ಅಂಕಿ ಅಂಶಗಳನ್ನು ಹೇಳಿ ಯಾವ ತಾಯಿಯನ್ನೂ ಸಮಾಧಾನಪಡಿಸಲಾಗದು. ಲಕ್ಷಕ್ಕೊಂದು ಎಂದರೆ, ಆ ಒಂದು ನನ್ನ ಮಗುವಾದರೆ ಎಂದು ಆಕೆ ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರವಿಲ್ಲ. ನಾನು ಕಂಡುಕೊಂಡ ಉಪಾಯ ಬೇರೆ: ಭಯವನ್ನು ಓಡಿಸಲು ಹೋಗದೆ ಅದಕ್ಕೊಂದು ಕೆಲಸ ಕೊಡುವುದು. ಹೆತ್ತವರ ಕೈಯಲ್ಲಿ ಏನೂ ಇಲ್ಲವೆಂದು ತೋರುವ ಆ ಒಂದೆರಡು ಗಂಟೆಗಳಲ್ಲಿಯೂ ಮಾಡಬೇಕಾದ ಕೆಲಸಗಳು ಕೆಲವುಂಟು.

ಮೊದಲನೆಯದು, ಮಗುವಿನ ಕಿವಿ. ವಿಮಾನದ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ನಿಂತಂತೆ ಎಂದಿಟ್ಟುಕೊಳ್ಳಿ. ವಿಮಾನ ಇಳಿಯತೊಡಗಿದಾಗ ಒತ್ತಡ ಏರುತ್ತದೆ. ಕಿವಿಯ ಒಳಭಾಗವನ್ನೂ ಗಂಟಲನ್ನೂ ಕೂಡಿಸುವ ನಾಳ ಮಕ್ಕಳಲ್ಲಿ ಕಿರಿದು. ಅದು ಬೇಗ ತೆರೆದುಕೊಳ್ಳದೆ ನೋವಾಗುತ್ತದೆ. ನುಂಗಿದಾಗ ಅದು ತೆರೆಯುತ್ತದೆ. ಆದುದರಿಂದ ಹಾಲೂಡುವುದನ್ನು ಇಳಿಯುವ ಹೊತ್ತಿಗೆ ಉಳಿಸಿಕೊಳ್ಳಬೇಕು. ದೊಡ್ಡ ಮಗುವಿಗೆ ಗುಟುಕು ಗುಟುಕಾಗಿ ನೀರು ಕೊಡಬೇಕು. ವಿಪರೀತ ನೆಗಡಿಯೋ ಕಿವಿನೋವೋ ಇದ್ದರೆ ಹೊರಡುವ ಮೊದಲೇ ವೈದ್ಯರನ್ನು ಕೇಳುವುದು ಲೇಸು.

ಎರಡನೆಯದು, ಪಟ್ಟಿ. ತಾಯಿಯ ತೋಳಿಗಿಂತ ಭದ್ರವಾದ ಜಾಗವಿಲ್ಲ ಎಂಬುದು ಮನೆಯಲ್ಲಿ ನಿಜ. ಜೋರಾಗಿ ಕುಲುಕುವ ವಿಮಾನದಲ್ಲಿ ಯಾರ ತೋಳಿನ ಬಲವೂ ಸಾಲದು. ಎರಡು ವರ್ಷದೊಳಗಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವವರು, ತಮ್ಮ ಪಟ್ಟಿಗೆ ಸೇರಿಸುವ ಪುಟ್ಟ ಪಟ್ಟಿಯನ್ನು ಗಗನಸಖಿಯಿಂದ ಕೇಳಿ ಪಡೆದು, ಹೇಳಿದಷ್ಟು ಹೊತ್ತೂ ಕಟ್ಟಿರಬೇಕು. ಕುಲುಕಾಟದಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಪಟ್ಟಿ ಕಟ್ಟದವರಿಗೆ. ವಿಮಾನಕ್ಕೆ ಕುಲುಕಾಟ ಹೊಸದಲ್ಲ. ರೆಕ್ಕೆಗಳು ಬಾಗುವುದನ್ನು ಕಂಡು ಎದೆ ನಡುಗುತ್ತದೆ. ಆದರೆ ಅವು ಬಾಗಲೆಂದೇ ಮಾಡಿದವು. 1995ರಲ್ಲಿ ಬೋಯಿಂಗ್ 777ರ ರೆಕ್ಕೆಗಳನ್ನು ಮುರಿಯುವ ತನಕ ಬಗ್ಗಿಸಿ ಪರೀಕ್ಷಿಸಿದಾಗ, ಹಾರಾಟದಲ್ಲಿ ಬರಬಹುದಾದ ಗರಿಷ್ಠ ಭಾರವೆಂದು ಲೆಕ್ಕಹಾಕಿದ್ದರ ಒಂದೂವರೆ ಪಟ್ಟಿಗೂ ಹೆಚ್ಚಿನ ಭಾರವನ್ನು ಅವು ತಾಳಿದ್ದವು.

ಮೂರನೆಯದು, ಎಲ್ಲರೂ ಕೇಳಿಯೂ ಕೇಳದಂತೆ ಕೂರುವ ಆ ಸೂಚನೆ: ಆಮ್ಲಜನಕದ ಮುಖವಾಡ ಇಳಿದುಬಿದ್ದರೆ ಮೊದಲು ನೀವು ಧರಿಸಿ, ಅನಂತರ ಮಗುವಿಗೆ ತೊಡಿಸಿ. ಯಾವ ತಾಯಿಯ ಮನಸ್ಸೂ ಇದನ್ನು ಒಪ್ಪದು. ಆದರೆ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಒಳಗಿನ ಒತ್ತಡ ತಪ್ಪಿದರೆ, ಬುದ್ಧಿ ನೆಟ್ಟಗಿರುವುದು ಅರ್ಧ ನಿಮಿಷದಿಂದ ಒಂದು ನಿಮಿಷ ಮಾತ್ರ. ಮಗುವಿನೊಂದಿಗೆ ಸೆಣಸುತ್ತ ತಾಯಿಯೇ ಎಚ್ಚರ ತಪ್ಪಿದರೆ ಇಬ್ಬರಿಗೂ ದಿಕ್ಕಿಲ್ಲ. ಆ ಸೂಚನೆಯನ್ನು ನಾನು ಈಗ ಇನ್ನೊಂದು ಅರ್ಥದಲ್ಲಿಯೂ ಕೇಳುತ್ತೇನೆ. ಮೊದಲು ನಿಮ್ಮ ಉಸಿರನ್ನು ಸರಿಮಾಡಿಕೊಳ್ಳಿ. ಮಗು ನಿಮ್ಮ ಮುಖ ನೋಡುತ್ತಿದೆ.

ಮಂಗಳೂರಿನಲ್ಲಿ ಒಂದು ವಾರ ಕಳೆಯಿತು. ಬೀಗಿತ್ತಿಯವರು ಚೇತರಿಸಿಕೊಂಡರು. ಹಿಂದಿರುಗುವ ಮಾತು ಬಂದಾಗ ಒಂದು ಸಂಜೆ ಜಗುಲಿಯ ಮೇಲೆ ಕುಳಿತು ಮಗಳಿಗೆ 1992ರ ಆ ಪ್ರಯಾಣದ ಕಥೆಯನ್ನೆಲ್ಲ ಹೇಳಿದೆ. ಉಗುರಿನ ಗುರುತುಗಳನ್ನೂ ಮುಚ್ಚಿಡಲಿಲ್ಲ. ಅವಳು ಬಹಳ ಹೊತ್ತು ಮಳೆಯನ್ನೇ ನೋಡುತ್ತಿದ್ದು, ‘ನನಗೆ ನೆನಪಿದೆ ಅಪ್ಪಾ. ಕೈ ನೋಯುತ್ತಿತ್ತು. ನಾವು ಸಾಯುತ್ತೇವೆ, ನೀವು ನನಗೆ ಹೇಳುತ್ತಿಲ್ಲ ಎಂದುಕೊಂಡಿದ್ದೆ’ ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ‘ತಪ್ಪಾಯಿತು ಮಗಳೇ. ಭಯವಾಗುತ್ತಿದೆ ಎಂದು ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು’ ಎಂದೆ. ಮಾರನೆಯ ದಿನ ಅವಳೇ ಅಳಿಯನಿಗೆ ಹೇಳಿ ವಿಮಾನದ ಟಿಕೆಟ್ ತೆಗೆಸಿದಳು.

ಬಜಪೆಯ ಗುಡ್ಡದಿಂದ ವಿಮಾನ ಮೇಲೆದ್ದು ಘಟ್ಟದ ಮೋಡಗಳನ್ನು ಹೊಕ್ಕಾಗ ಹಿಂದಿನಂತೆಯೇ ಕುಲುಕಾಟ. ಕೂಸು ಪುಟ್ಟ ಪಟ್ಟಿಯೊಳಗೆ ಕುಳಿತು ಚಮಚ ಕಚ್ಚುತ್ತಿತ್ತು. ಮೊಮ್ಮಗಳು ತಾಯಿಯ ಮುಖ ನೋಡಿ, ‘ಅಮ್ಮಾ, ನಿನಗೆ ಭಯವೇ?’ ಎಂದು ಕೇಳಿದಳು. ನನ್ನ ಮಗಳು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ‘ಹೌದು ಪುಟ್ಟೀ, ಸ್ವಲ್ಪ ಭಯ. ಗಾಳಿಯಲ್ಲಿಯೂ ಘಾಟಿಯ ರಸ್ತೆಯ ಹಾಗೆ ಉಬ್ಬುತಗ್ಗು ಇರುತ್ತದೆ. ದಾಟಿದ ಮೇಲೆ ಸರಿಹೋಗುತ್ತದೆ. ಅಲ್ಲಿಯ ತನಕ ನನ್ನ ಕೈ ಹಿಡಿದುಕೊಂಡಿರು’ ಎಂದು ಅಂಗೈಯನ್ನು ಬಿಡಿಸಿ ಮುಂದೆ ಚಾಚಿದಳು.

ಮಗು ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿತು. ಮೋಡ ಸರಿದು ಬಿಸಿಲು ಬಂದಾಗ ಬಿಟ್ಟುಬಿಟ್ಟು, ಕಿಟಕಿಗೆ ಮೂಗು ಒತ್ತಿ ಕೆಳಗಿನ ಕೆರೆಗಳನ್ನು ಎಣಿಸತೊಡಗಿತು.