ನಮ್ಮೂರ ಕುರುಕ್ಷೇತ್ರವೂ ನನ್ನ ಕಂಪ್ಯೂಟರೂ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ನನಗೆ ಕೊಟ್ಟಿರುವ ವಿಷಯ ‘ಡಿಜಿಟಲ್ ಯುಗದಲ್ಲಿ ಕಲೆ ಮತ್ತು ತಂತ್ರಜ್ಞಾನ’. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಬಿ.ಇ. ಅಂತಲೂ ಹಾಕಿಸಿದ್ದಾರೆ. ಎಂಟನೇ ತರಗತಿಯ ಕಿರುಪರೀಕ್ಷೆಯಲ್ಲಿ ಗಣಿತಕ್ಕೆ ಇಪ್ಪತ್ತೈದಕ್ಕೆ ಒಂಬತ್ತು ತೆಗೆದವನು ನಾನೇ ಎನ್ನುವುದು ಇಲ್ಲಿ ಕೂತಿರುವ ಮೇಷ್ಟ್ರಿಗೆ ನೆನಪಿರಬಹುದು. ಆಮೇಲೆ ಹೇಗೋ ಮಂಡ್ಯದ ಪಿ.ಇ.ಎಸ್. ಕಾಲೇಜಿನಲ್ಲಿ ಓದಿ, ಈಗ ಬೆಂಗಳೂರಿನಲ್ಲಿದ್ದೇನೆ. ನೀವು ಫೋನಿನಲ್ಲಿ ನೋಡುವ ವಿಡಿಯೊ, ಕೇಳುವ ಹಾಡು ಮಧ್ಯದಲ್ಲಿ ನಿಲ್ಲದಂತೆ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಕಲೆಯ ಬಗ್ಗೆ ಉಪನ್ಯಾಸ ಮಾಡುವಷ್ಟು ತಿಳಿದವನಲ್ಲ. ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ.

ನಮ್ಮ ದೊಡ್ಡಪ್ಪನನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ‘ಕುರುಕ್ಷೇತ್ರ’ದಲ್ಲಿ ನಮ್ಮೂರಿಗೆ ಅವರೇ ಭೀಷ್ಮ. ಮನೆಯಲ್ಲಿ ಹಸುವಿಗೆ ‘ಅಸ’ ಅನ್ನುತ್ತಿದ್ದ ಮನುಷ್ಯ, ಬಿಳಿ ಗಡ್ಡ ಕಟ್ಟಿಕೊಂಡು ರಂಗಕ್ಕೆ ಬಂದರೆ ಒಂದು ಮಹಾಪ್ರಾಣವೂ ಜಾರುತ್ತಿರಲಿಲ್ಲ. ನಮ್ಮ ಕನ್ನಡ ಮೇಷ್ಟ್ರು ಒಂದು ಸಲ ತರಗತಿಯಲ್ಲೇ ಹೇಳಿದ್ದರು: “ಉಚ್ಚಾರಣೆ ಕಲೀಬೇಕಾದ್ರೆ ನಾಟಕದ ದಿನ ಇವನ ದೊಡ್ಡಪ್ಪನ್ನ ನೋಡ್ರೋ. ಬೇರೆ ದಿನ ಬೇಡ.”

ಹೊರಗಿನವರಿಗೆ ಹೇಳಿದರೆ ನಂಬದ ಒಂದು ಮಾತಿದೆ. ನಮ್ಮ ಕಡೆ ನಾಟಕದಲ್ಲಿ ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ, ನಟನೇ ದುಡ್ಡು ಕಟ್ಟಿ ಪಾತ್ರ ತೆಗೆದುಕೊಳ್ಳುತ್ತಾನೆ. ಸೀನರಿ ಬಾಡಿಗೆ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರ ಖರ್ಚು, ಮೈಕ್, ಶಾಮಿಯಾನ ಎಲ್ಲ ಅದರಲ್ಲೇ ಹೋಗಬೇಕು. ಪಾತ್ರ ದೊಡ್ಡದಾದಷ್ಟೂ ಹಣ ಹೆಚ್ಚು. ಕಬ್ಬಿನ ಬಿಲ್ಲು ಬಂದ ವರ್ಷ ದೊಡ್ಡಪ್ಪ ಮೊದಲು ಭೀಷ್ಮನಿಗೆ ಕಟ್ಟುತ್ತಿದ್ದರು, ಆಮೇಲೆ ಸೊಸೈಟಿ ಸಾಲಕ್ಕೆ. ದೊಡ್ಡಮ್ಮ ಬಯ್ಯುತ್ತಿದ್ದರು. ನಾಟಕದ ದಿನ ಮುಂದಿನ ಸಾಲಿನಲ್ಲಿ ಜಾಗ ಹಿಡಿದು ಕೂರುತ್ತಿದ್ದವರೂ ಅವರೇ.

ಹಳೆಯ ನಾಟಕದವರು ತಂತ್ರಜ್ಞಾನಕ್ಕೆ ಹೆದರಿದವರಲ್ಲ. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಗುಬ್ಬಿ ವೀರಣ್ಣನವರ ಕಂಪನಿ ಆಡಿದಾಗ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾಗಿ, ಆ ಕರೆಂಟು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಹೋಯಿತು. ಪಕ್ಕದಲ್ಲೇ ಇದ್ದ ನಮ್ಮೂರಲ್ಲಿ ಮಾತ್ರ ದೊಡ್ಡಪ್ಪ ಹುಡುಗನಾಗಿದ್ದಾಗಲೂ ಗ್ಯಾಸ್‌ಲೈಟಿನ ಬೆಳಕಲ್ಲೇ ನಾಟಕವಂತೆ! ಕರೆಂಟು ಬಂದ ವರ್ಷವೇ ಬಣ್ಣದ ಲೈಟು ತಂದರು. ಮೈಕ್ ಬಂದಾಗ ಮೈಕ್, ಕ್ಯಾಸೆಟ್ ಬಂದಾಗ ಕ್ಯಾಸೆಟ್.

2019ರ ಆಗಸ್ಟ್‌ನಲ್ಲಿ ‘ಕುರುಕ್ಷೇತ್ರ’ ಸಿನಿಮಾ ಬಂತು. ನಮ್ಮ ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಂಬರೀಶಣ್ಣ ಅದರಲ್ಲಿ ಭೀಷ್ಮ. ಅವರು ತೀರಿಕೊಂಡು ಆಗಲೇ ಒಂಬತ್ತು ತಿಂಗಳಾಗಿತ್ತು. ದೊಡ್ಡಪ್ಪನನ್ನು ಮಂಡ್ಯಕ್ಕೆ ಕರೆದುಕೊಂಡು ಹೋದೆ. ತ್ರೀಡಿಯಲ್ಲೂ ಬಿಟ್ಟಿದ್ದರು, ನಾವು ನೋಡಿದ್ದು ಸಾದಾ ಪರದೆಯಲ್ಲಿ. ಕಂಪ್ಯೂಟರಿನಲ್ಲಿ ಕಟ್ಟಿದ ಅರಮನೆ, ರಥ, ಸೈನ್ಯ ನೋಡಿ ದೊಡ್ಡಪ್ಪ ಬಾಯಿಬಿಟ್ಟುಕೊಂಡು ಕೂತಿದ್ದರು. ಅಂಬರೀಶಣ್ಣ ಪರದೆಗೆ ಬಂದಾಗ ಟವಲ್ಲಿನಲ್ಲಿ ಕಣ್ಣು ಒರೆಸಿಕೊಂಡರು. ಬಸ್ಸಿನಲ್ಲಿ ವಾಪಸು ಬರುವಾಗ, “ಬೋ ಪಸಂದಾಗದೆ ಕನ್ಲಾ. ಒನ್ಸ್ ಮೋರ್ ಅನ್ನಂಗಿಲ್ಲ, ಅದೊಂದೇಯ” ಅಂದರು. ನಾನು ನಕ್ಕು ಸುಮ್ಮನಾದೆ.

2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ದೊಡ್ಡಪ್ಪ ಹೋದರು. ಮಣ್ಣಿಗೆ ಬರಲೂ ನನಗೆ ಆಗಲಿಲ್ಲ.

ಮನೆಯ ಅಟ್ಟದ ಟ್ರಂಕಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. 1998ರ ಮಾರಿಹಬ್ಬದ ನಾಟಕವನ್ನು ಯಾರೋ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿದ್ದರು. ಬೆಂಗಳೂರಿಗೆ ತಂದು ಕಂಪ್ಯೂಟರಿಗೆ ಇಳಿಸಿದೆ. ಕಂಪ್ಯೂಟರಿಗೆ ಹಾಡು ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳ ಪಟ್ಟಿಯಾಗಿ ಬರೆದಿಟ್ಟುಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಮನುಷ್ಯನ ದನಿ ಯಾವುದು, ಗದ್ದಲ ಯಾವುದು ಎಂದು ಬೇರೆ ಮಾಡುವ ಪ್ರೋಗ್ರಾಂಗಳು ಈಗಿವೆ. ಅಪಾರ ಪ್ರಮಾಣದ ಧ್ವನಿಮುದ್ರಣಗಳನ್ನು ಕೊಟ್ಟು ಅವಕ್ಕೆ ಅದನ್ನು ಕಲಿಸಿರುತ್ತಾರೆ. ಒಂದು ರಾತ್ರಿ ಕೂತು ಶುದ್ಧ ಮಾಡಿದೆ. ಟೇಪಿನ ಬುಸ್ ಶಬ್ದ ಹೋಯಿತು. ದೊಡ್ಡಪ್ಪ ನನ್ನ ಎದುರಿಗೇ ನಿಂತು ಹಾಡಿದ ಹಾಗೆ ಕೇಳಿಸಿತು. ಹೆಮ್ಮೆಯಿಂದಲೇ ಊರಿಗೆ ತಂದು ದೊಡ್ಡಮ್ಮನಿಗೆ ಕೇಳಿಸಿದೆ.

ಅವರು ಪೂರ್ತಿ ಕೇಳಿ, “ನಿಮ್ದೊಡ್ಡಪ್ಪನ ದನಿ ಚೆಂದಾಗ್ ಕೇಳ್ತದೆ ಕನ ಮಗ. ಜನ ಎಲ್ಲೋದ್ರು?” ಅಂದರು.

ಹಳೆಯ ಟೇಪನ್ನು ಮತ್ತೆ ಹಾಕಿ ಕೇಳಿದೆ. ಅದರಲ್ಲಿ ಶಿಳ್ಳೆ ಇತ್ತು, ಮಗು ಅಳುವುದಿತ್ತು, ಕಡಲೆಕಾಯಿ ಮಾರುವವನ ಕೂಗಿತ್ತು, ಬೆಳಗಿನ ಜಾವದ ಕೋಳಿ ಇತ್ತು. ‘ಒನ್ಸ್ ಮೋರ್’ ಅಂತ ಕೂಗಿದವರಲ್ಲಿ ಒಂದು ದನಿ ನಮ್ಮ ತಾತನದು. ಪ್ರೋಗ್ರಾಂ ಅವರೆಲ್ಲರನ್ನೂ ಗದ್ದಲ ಅಂತ ಗುಡಿಸಿ ಹಾಕಿತ್ತು. ಅಂಥದ್ದೇ ಸಾಫ್ಟ್‌ವೇರ್ ಬರೆದು ಸಂಬಳ ತೆಗೆದುಕೊಳ್ಳುವ ನನಗೆ ಆವತ್ತಿನವರೆಗೂ ಅದು ಹೊಳೆದಿರಲಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. 2024ರಲ್ಲಿ ಊರಲ್ಲಿ ಮತ್ತೆ ನಾಟಕ ಗೊತ್ತಾಯಿತು. ಈಗ ಕೆಲವು ನಿಮಿಷಗಳ ದನಿ ಕೊಟ್ಟರೆ ಸಾಕು, ಅದೇ ದನಿಯಲ್ಲಿ ಏನನ್ನು ಬೇಕಾದರೂ ನುಡಿಸುವ, ಹಾಡಿಸುವ ತಂತ್ರಗಳು ಬಂದಿವೆ. ಟೇಪಿನಲ್ಲಿ ಇಲ್ಲದ ಒಂದು ಕಂದಪದ್ಯವನ್ನು ದೊಡ್ಡಪ್ಪನ ದನಿಯಲ್ಲಿ ಮಾಡಿದೆ. ದೊಡ್ಡಪ್ಪನ ಮಗ, ನಮ್ಮಣ್ಣ, ಕೇಳಿ ಗಳಗಳ ಅತ್ತ. “ನಾಟಕದ ದಿನ ಇದನ್ನೇ ಹಾಕ್ಬುಡನ. ಭೀಷ್ಮನ ಪಾತ್ರದವನು ಬಾಯಿ ಆಡಿಸಿದ್ರೆ ಸಾಕು” ಅಂದ. ನನಗೂ ಸರಿ ಅನ್ನಿಸಿತು.

ಹಾರ್ಮೋನಿಯಂ ಮೇಷ್ಟ್ರನ್ನು ಒಪ್ಪಿಸಬೇಕಿತ್ತು. ಎಂಬತ್ತರ ಹತ್ತಿರದವರು. ಫೋನನ್ನು ಕಿವಿಗೆ ಹಿಡಿದು ಎರಡು ಸಲ ಕೇಳಿದರು. “ದನಿ ಅವುಂದೇ. ಉಸ್ರು ಎಲ್ಲಿ ತಗಂಡ?” ಅಂದರು. ನನಗೆ ಅರ್ಥವಾಗಲಿಲ್ಲ. “ಅವುನ್ಗೆ ಮೂರ್ನೇ ಸಾಲಲ್ಲಿ ಉಸ್ರು ಸಾಲ್ತಿರ್ಲಿಲ್ಲ ಕಣಪ್ಪ. ಅಲ್ಲಿ ನಾನು ಪೆಟ್ಟಿಗೆ ತುಂಬ್ತಿದ್ದೆ. ಅವ್ನು ನನ್ ಮಖ ನೋಡೋನು, ನಾನು ಬಿಡೋನು. ಇವ್ನು ನನ್ನ ಕಾಯೋದೇ ಇಲ್ವಲ್ಲ. ಇವ್ನಿಗೆ ನಾನ್ ಯಾಕೆ ಪೆಟ್ಟಿಗೆ ನುಡಿಸ್ಲಿ?”

ಇನ್ನೂ ಒಂದು ಮಾತು ಕೇಳಿದರು. “ಆ ಹುಡುಗ ದುಡ್ಡು ಕಟ್ಟವ್ನಲ್ಲ, ಅವ್ನ್ ಗತಿ?”

ಆ ಹುಡುಗನನ್ನು ನಾವಿಬ್ಬರೂ ಮರೆತೇಬಿಟ್ಟಿದ್ದೆವು. ಇದೇ ಶಾಲೆಯಲ್ಲಿ ಓದಿ, ಮದ್ದೂರಿನ ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಭೀಷ್ಮನ ಪಾತ್ರಕ್ಕೆ 15,000 ರೂಪಾಯಿ ಕಟ್ಟಿ, ಐದು ತಿಂಗಳಿಂದ ರಾತ್ರಿ ಪ್ರಾಕ್ಟೀಸಿಗೆ ಬರುತ್ತಿದ್ದ.

ಸಿನಿಮಾದವರೂ ಇದನ್ನು ಮಾಡಿದ್ದಾರಲ್ಲ ಅಂತ ನೀವು ಕೇಳಬಹುದು. ನಾನೂ ಮೇಷ್ಟ್ರ ಹತ್ತಿರ ಅದನ್ನೇ ವಾದಿಸಿದೆ. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು 2016ರ ‘ನಾಗರಹಾವು’ ಚಿತ್ರದಲ್ಲಿ ಕಂಪ್ಯೂಟರಿನಿಂದ ಮತ್ತೆ ತಂದರು. ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಪುನೀತ್ ಅವರ ‘ಜೇಮ್ಸ್’ 2022ರ ಮಾರ್ಚ್‌ನಲ್ಲಿ ಬಂದಾಗ ಅದರಲ್ಲಿ ದನಿ ಕೊಟ್ಟಿದ್ದವರು ಶಿವಣ್ಣ. ಮುಂದಿನ ತಿಂಗಳು ತಂತ್ರಜ್ಞಾನದ ಸಹಾಯದಿಂದ ಪುನೀತ್ ಅವರದೇ ದನಿ ಕೂಡಿಸಿ ಬಿಟ್ಟರು. ಇವೆರಡೂ ಒಂದೇ ಅಲ್ಲ ಅಂತ ಈಗ ಅನ್ನಿಸುತ್ತದೆ. ‘ಜೇಮ್ಸ್’ನಲ್ಲಿ ಪುನೀತ್ ಆ ದೃಶ್ಯಗಳಲ್ಲಿ ತಾವೇ ನಟಿಸಿದ್ದರು, ದನಿ ಅದರ ಯಜಮಾನನ ಬಾಯಿಗೇ ಹಿಂತಿರುಗಿತು. ನಾನು ಮಾಡಿದ್ದು ದೊಡ್ಡಪ್ಪ ಎಂದೂ ಹಾಡದ ಹಾಡು. ಅದೂ ಇನ್ನೊಬ್ಬನ ಬಾಯಿಗೆ ತುರುಕಲು ಹೊರಟಿದ್ದೆ.

ಆ ಹಾಡನ್ನು ಹಾಕಲಿಲ್ಲ. ಅಣ್ಣ ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಅಳಿಸಿಬಿಡು ಅಂತ ದೊಡ್ಡಮ್ಮ ಹೇಳಲಿಲ್ಲ, ಇನ್ನೊಂದು ಸಲ ಹಾಕು ಅಂತಲೂ ಹೇಳಲಿಲ್ಲ. ಅದು ಈಗಲೂ ನನ್ನ ಲ್ಯಾಪ್‌ಟಾಪಿನಲ್ಲಿದೆ.

ನಾಟಕದ ರಾತ್ರಿ ಆ ಹುಡುಗನೇ ಹಾಡಿದ. ಎರಡನೇ ಸಾಲಿಗೇ ದನಿ ಒಡೆಯಿತು. ಮೇಷ್ಟ್ರು ಅವನ ಮುಖ ನೋಡುತ್ತಾ ಪೆಟ್ಟಿಗೆ ತುಂಬಿದರು. ಹಿಂದಿನಿಂದ ಯಾರೋ ‘ಒನ್ಸ್ ಮೋರ್’ ಅಂದರು, ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ಹುಡುಗ ಮತ್ತೆ ಹಾಡಿದ. ಈ ಸಲ ಮೊದಲಿಗಿಂತ ವಾಸಿ. ನಾನು ಫೋನುಗಳನ್ನು ಇಟ್ಟುಕೊಂಡು ನಾಟಕವನ್ನು ಲೈವ್ ಬಿಡುತ್ತಿದ್ದೆ. ಬೆಂಗಳೂರಿನಲ್ಲಿರುವ ನಮ್ಮೂರಿನವರು ಬೆಳಗಿನ ಜಾವದವರೆಗೂ ನೋಡಿದರಂತೆ. ಗದ್ದಲ ತಾನಾಗಿಯೇ ತೆಗೆಯುವ ಒಂದು ಸೆಟ್ಟಿಂಗ್ ಅದರಲ್ಲಿರುತ್ತದೆ, ಅದನ್ನು ಆರಿಸಿಟ್ಟಿದ್ದೆ.

ಮಕ್ಕಳಿಗೆ ಒಂದು ಮಾತು. ರೀಲ್ಸ್ ಮಾಡಬೇಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಕೇಳುವವರೂ ನೀವಲ್ಲ. ನಿಮ್ಮ ಅಜ್ಜಿ ಮಾತಾಡಿದ್ದನ್ನು ಫೋನಿಗೆ ಬರೆದುಕೊಳ್ಳಲು ಹೇಳಿ ನೋಡಿ, ‘ಅಸ’ ಅಂದರೆ ಹಸು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅದು ಕೇಳಿ ಕಲಿತ ಕನ್ನಡದಲ್ಲಿ ನಮ್ಮ ಸೀಮೆಯ ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿಮ್ಮ ಕೈಯಲ್ಲಿ ಫೋನಿದೆ, ಮನೆಯಲ್ಲಿ ಅಜ್ಜಿ ಇದ್ದಾರೆ.

ಕೊನೆಯದಾಗಿ ಒಂದು ಪ್ರಕಟಣೆ. ಮುಖ್ಯೋಪಾಧ್ಯಾಯರು ಕಂಪ್ಯೂಟರ್ ಕೊಠಡಿಯಲ್ಲಿ ಜಾಗ ಕೊಟ್ಟಿದ್ದಾರೆ. ತಿಂಗಳ ಎರಡನೇ ಭಾನುವಾರ ನಾನು ಟೇಪ್‌ರೆಕಾರ್ಡರ್ ತಂದು ಇಲ್ಲಿ ಕೂತಿರುತ್ತೇನೆ. ನಾಟಕ, ಸೋಬಾನೆ ಪದ, ಕೋಲಾಟದ ಪದ, ಮದುವೆ ಮನೆಯ ಮಾತು, ಏನಿದ್ದರೂ ಸರಿ, ಹಳೆಯ ಕ್ಯಾಸೆಟ್ ಇದ್ದವರು ತನ್ನಿ. ಬೂಷ್ಟು ಹಿಡಿದಿದ್ದರೆ ದಯವಿಟ್ಟು ಮನೆಯಲ್ಲಿ ಹಾಕಿ ನೋಡಬೇಡಿ, ಟೇಪು ಸುತ್ತಿಕೊಂಡು ಹರಿದುಹೋಗುತ್ತದೆ. ಹಾಗೇ ತನ್ನಿ. ಕ್ಯಾಸೆಟ್ ಮೇಲೆ ಹೆಸರು ಬರೆದಿರಲಿ, ವಾಪಸು ಕೊಡುವಾಗ ಅದಲು ಬದಲು ಆಗುವುದಿಲ್ಲ.