ಡಬ್ಬ ಅಲ್ಲಾಡಿಸಿ ನೋಡಿ

ಕಳೆದ ವಾರ ಒಂದು ರಾತ್ರಿ, ಎರಡೂವರೆ ಗಂಟೆಯ ಹೊತ್ತಿಗೆ ನನ್ನ ಮಗಳಿಗೆ ಜ್ವರ ಬಂತು. ನಾಲ್ಕು ವರ್ಷದ ಮಗು. ಮೈ ಮುಟ್ಟಿದರೆ ಕಾದ ಹೆಂಚಿನ ಹಾಗಿತ್ತು. ನನ್ನ ಹೆಂಡತಿ ಔಷಧಿ ಡಬ್ಬ ತೆಗೆದಳು. ಅದರಲ್ಲಿ ಪ್ಯಾರಸಿಟಮಾಲ್ ಸಿರಪ್ಪಿನ ಮೂರು ಬಾಟಲಿ ಇದ್ದವು. ಸದ್ಯ, ಇದೆಯಲ್ಲ ಅಂತ ಉಸಿರು ಬಿಟ್ಟೆ. ಮೊಬೈಲ್ ಟಾರ್ಚ್ ಹಾಕಿ ಲೇಬಲ್ ಓದಿದೆ. ಮೊದಲನೆಯದರ ಅವಧಿ ಮುಗಿದು ಏಳು ತಿಂಗಳಾಗಿತ್ತು. ಎರಡನೆಯದರದು ಮುಗಿದು ಎರಡು ತಿಂಗಳು. ಮೂರನೆಯದನ್ನು ಯಾವತ್ತೋ ತೆರೆದಿದ್ದೆವು, ಯಾವತ್ತು ಅಂತ ಇಬ್ಬರಿಗೂ ನೆನಪಿಲ್ಲ. ಸಿರಪ್ ಸೋರಿ ಅದರ ದಿನಾಂಕವೂ ಅಳಿಸಿಹೋಗಿತ್ತು.

ಮೂರು ಬಾಟಲಿ ಇತ್ತು, ಔಷಧಿ ಇರಲಿಲ್ಲ.

ಬೈಕ್ ತಗೊಂಡು ಆಸ್ಪತ್ರೆ ಪಕ್ಕದ ಇಪ್ಪತ್ನಾಲ್ಕು ಗಂಟೆಯ ಮೆಡಿಕಲ್ ಸ್ಟೋರ್‌ಗೆ ಓಡಿದೆ. ಬೆಳಗ್ಗೆ ಹೊತ್ತಿಗೆ ಮಗು ಎದ್ದು ಗೊಂಬೆ ಜೊತೆ ಆಡ್ತಾ ಕೂತಿತ್ತು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ರಜೆ ಹಾಕಿ ಮನೆಯ ಒಂದೊಂದೇ ಕಪಾಟು ತೆರೆದು ಎಣಿಸಿದೆ. ಸ್ನಾನದ ಸೋಪು 22. ಟೂತ್‌ಪೇಸ್ಟ್ 9. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಲೀಟರಿನ ಮೂರು ಕ್ಯಾನು. ಕಡಲೆಹಿಟ್ಟಿನ ಎರಡು ಪ್ಯಾಕೆಟ್, ಎರಡರಲ್ಲೂ ಹುಳ. ಅಟ್ಟದ ಮೂಲೆಯಲ್ಲಿ, ನಂಬ್ತೀರೋ ಬಿಡ್ತೀರೋ, 2020ರಲ್ಲಿ ತಂದ ಐದು ಲೀಟರಿನ ಸ್ಯಾನಿಟೈಸರ್ ಕ್ಯಾನು. ಸೀಲ್ ಕೂಡ ಒಡೆದಿಲ್ಲ.

ಆ ಕ್ಯಾನಿನ ಕತೆ ಹೇಳಲೇಬೇಕು. 2020ರ ಮಾರ್ಚ್ 24. ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು, ಮಧ್ಯರಾತ್ರಿಯಿಂದ 21 ದಿನ ದೇಶವೇ ಲಾಕ್‌ಡೌನ್ ಅಂದರು. ಭಾಷಣ ಮುಗಿಯುವಷ್ಟರಲ್ಲಿ ಅಂಗಡಿಗಳ ಮುಂದೆ ಜಾತ್ರೆ. ನಾನು ಸ್ಟುಡಿಯೋದಲ್ಲಿ ಕೂತು ಹೇಳ್ತಾ ಇದ್ದೆ: ಗಾಬರಿ ಬೇಡ, ಅಗತ್ಯ ವಸ್ತು ಸಿಗುತ್ತೆ, ಮುಗಿಬೀಳಬೇಡಿ. ಬ್ರೇಕ್ ಬಂತು. ಮೇಜಿನ ಕೆಳಗೆ ಮೊಬೈಲ್ ತೆಗೆದು ಮನೆಗೆ ಮೆಸೇಜ್ ಹಾಕಿದೆ: ಎಲ್ಲಾ ಎರಡೆರಡು ತಗೊಂಡುಬಿಡು. ಬ್ರೇಕ್ ಮುಗೀತು. ಮತ್ತೆ ಕ್ಯಾಮೆರಾ ನೋಡಿ, ಗಾಬರಿ ಬೇಡ ಅಂದೆ.

ಇವತ್ತು ನಿಮ್ಮೆದುರು ಒಪ್ಕೊಳ್ತಿದ್ದೀನಿ. ಯಾಕೆಂದರೆ ಆ ಗಾಬರಿ ಅವತ್ತಿಗೆ ಮುಗಿಯಲಿಲ್ಲ, ಅಭ್ಯಾಸ ಆಗಿ ಮನೆಯಲ್ಲೇ ಉಳೀತು. ಈಗ ಅದಕ್ಕೆ ಆಫರ್ ಅಂತ ಹೆಸರು. ಎರಡು ಕೊಂಡರೆ ಒಂದು ಉಚಿತ. ಇನ್ನೂರು ರೂಪಾಯಿ ಸೇರಿಸಿದರೆ ಡೆಲಿವರಿ ಉಚಿತ. ನಾನೀಗ ಮಾತು ಮುಗಿಸಿದ ಕೂಡಲೇ ಬರುವ ಜಾಹೀರಾತು ಕೂಡ ಬಹುಶಃ ಅದನ್ನೇ ಹೇಳುತ್ತೆ. ನಮ್ಮ ಚಾನೆಲ್ ನಡೆಯೋದೂ ಅದರಿಂದಲೇ, ಸುಳ್ಳು ಯಾಕೆ ಹೇಳಲಿ?

ಇಂಜಿನಿಯರಿಂಗ್ ಓದಿ ಟಿವಿಯಲ್ಲಿ ಏನ್ ಮಾಡ್ತಿದ್ದೀಯಾ ಅಂತ ನೆಂಟರು ಕೇಳ್ತಿರ್ತಾರೆ. ಆ ಓದನ್ನು ಇವತ್ತು ಸ್ವಲ್ಪ ಬಳಸ್ತೀನಿ. ಕಾರ್ಖಾನೆಯ ದಾಸ್ತಾನಿನ ಬಗ್ಗೆ ನಮಗೊಂದು ಸರಳ ಸೂತ್ರ ಇತ್ತು. ದಿನಕ್ಕೆ ಎಷ್ಟು ಖರ್ಚಾಗುತ್ತೆ ಅನ್ನೋದನ್ನ, ಹೊಸದು ಬರೋಕೆ ಎಷ್ಟು ದಿನ ಬೇಕು ಅನ್ನೋದರಿಂದ ಗುಣಿಸಿ. ಅದಕ್ಕೆ ಆಪತ್ತಿಗೆ ಅಂತ ಸ್ವಲ್ಪ ಸೇರಿಸಿ. ಮನೆಯಲ್ಲಿರೋದು ಅಷ್ಟಕ್ಕೆ ಇಳಿದಾಗ ಕೊಳ್ಳಿ, ಅದಕ್ಕೆ ಮೊದಲು ಬೇಡ.

ಈ ಸೂತ್ರ ಇಟ್ಕೊಂಡು ನಮ್ಮ ಹಿರಿಯರನ್ನ ನೋಡಿ. ಹಳೇ ಮೈಸೂರು ಕಡೆ ರಾಗಿಯನ್ನ ನೆಲದೊಳಗಿನ ಹಗೇವಿನಲ್ಲಿ ತುಂಬಿಡ್ತಿದ್ದರು. ಅದು ದುರಾಸೆ ಅಲ್ಲ. ಬೆಳೆ ಬರೋದು ವರ್ಷಕ್ಕೊಮ್ಮೆ, ಮಳೆ ಕೈಕೊಟ್ಟರೆ ಅದೂ ಇಲ್ಲ. ಹೊಸದು ಬರೋಕೆ ಬೇಕಾದ ಕಾಲ ಒಂದು ವರ್ಷ, ಎರಡು ವರ್ಷ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಸೌದೆ, ಹಪ್ಪಳ, ಉಪ್ಪಿನಕಾಯಿ ಎಲ್ಲ ಸಿದ್ಧ. ಹಳ್ಳ ತುಂಬಿದರೆ ಪೇಟೆಗೆ ದಾರಿಯೇ ಇಲ್ಲ, ಅವರ ಲೆಕ್ಕವೂ ಸರಿ. ಇವತ್ತಿಗೂ ಅಂಥ ಊರಲ್ಲಿರೋರು ಕೂಡಿಡಲೇಬೇಕು.

ನಮ್ಮ ಲೆಕ್ಕ ಏನು? ನಾನಿರೋದು ಬೆಂಗಳೂರಿನಲ್ಲಿ. ಕೆಳಗಡೆಯೇ ಅಂಗಡಿ. ಮೊಬೈಲ್ ಒತ್ತಿದರೆ ಹತ್ತು ನಿಮಿಷಕ್ಕೆ ಹುಡುಗ ಬಾಗಿಲಲ್ಲಿ ನಿಂತಿರ್ತಾನೆ. ಮೂರು ಜನರ ಮನೆ, ಒಂದು ಸೋಪು ಮೂರು ವಾರ ಬರುತ್ತೆ. 22 ಸೋಪು ಅಂದರೆ 66 ವಾರ, ಅಂದರೆ ಒಂದು ವರ್ಷಕ್ಕಿಂತ ಜಾಸ್ತಿ! ಹತ್ತು ನಿಮಿಷದಲ್ಲಿ ಸಿಗೋ ವಸ್ತುವಿಗೆ ಬರಗಾಲದ ಹಗೇವು ಕಟ್ಟಿಕೊಂಡಿದ್ದೆ.

ಜಪಾನಿನ ಟೊಯೊಟಾ ಕಂಪನಿಯಲ್ಲಿ ತೈಚಿ ಓನೊ ಅಂತ ಇಂಜಿನಿಯರ್ ಇದ್ದರು. ಕಾರ್ಖಾನೆಯ ಏಳು ಬಗೆಯ ನಷ್ಟಗಳನ್ನ ಪಟ್ಟಿ ಮಾಡಿದವರು. ಅಗತ್ಯಕ್ಕಿಂತ ಹೆಚ್ಚಿನ ದಾಸ್ತಾನು ಅದರಲ್ಲೊಂದು. ಅವರಿಗೆ ಪರಿಹಾರ ಹೊಳೆದದ್ದು ಎಲ್ಲಿಂದ ಗೊತ್ತಾ? ಅಮೆರಿಕದ ಸೂಪರ್ ಮಾರ್ಕೆಟ್ಟಿನಿಂದ. ಗಿರಾಕಿ ತನಗೆ ಬೇಕಾದಾಗ ಬೇಕಾದಷ್ಟೇ ತಗೊಂಡು ಹೋಗ್ತಾನೆ, ಖಾಲಿಯಾದಷ್ಟನ್ನೇ ಅಂಗಡಿಯವನು ಮತ್ತೆ ತುಂಬ್ತಾನೆ. ಕಾರ್ಖಾನೆಯೂ ಹಾಗೇ ಯಾಕೆ ನಡೀಬಾರದು ಅಂತ ಯೋಚಿಸಿದರು. ತಮಾಷೆ ನೋಡಿ. ಸೂಪರ್ ಮಾರ್ಕೆಟ್ ನೋಡಿ ಕಾರ್ಖಾನೆ ಬುದ್ಧಿ ಕಲೀತು. ನಾವು ಅದೇ ಸೂಪರ್ ಮಾರ್ಕೆಟ್ಟಿಗೆ ಹೋಗಿ ಇದ್ದ ಬುದ್ಧಿ ಬಿಟ್ಟು ಬಂದೆವು.

ಆದರೆ ದುಡ್ಡು ಉಳಿಯುತ್ತಲ್ಲ ಸ್ವಾಮಿ ಅಂತೀರಿ. ಸರಿ, ಲೆಕ್ಕ ಹಾಕೋಣ. ಸಾವಿರ ಚದರ ಅಡಿ ಮನೆಗೆ ತಿಂಗಳ ಬಾಡಿಗೆ 30,000 ರೂಪಾಯಿ ಅಂತಿಟ್ಟುಕೊಳ್ಳಿ. ಅಡಿಗೆ 30 ರೂಪಾಯಿ. ಹೆಚ್ಚುವರಿ ಸಾಮಾನು 20 ಅಡಿ ಜಾಗ ಹಿಡಿದರೆ ತಿಂಗಳಿಗೆ 600, ವರ್ಷಕ್ಕೆ 7,200 ರೂಪಾಯಿ. ಸೋಪಿಗೆ ಐದು ರೂಪಾಯಿ ಉಳಿಸಿ, ಆ ಸೋಪಿಗೇ ಬಾಡಿಗೆ ಕಟ್ಟುತ್ತಾ ಇದ್ದೀವಿ. ದೊಡ್ಡ ಪ್ಯಾಕ್ ಅಗ್ಗ ಅನ್ನೋದೂ ಯಾವಾಗಲೂ ನಿಜವಲ್ಲ. ಗ್ರಾಮಿಗೆ ಎಷ್ಟು ಬಿತ್ತು ಅಂತ ಈಗ ಪ್ಯಾಕೆಟ್ ಮೇಲೇ ಹಾಕಿರ್ತಾರೆ, ಒಮ್ಮೆ ಓದಿ ನೋಡಿ. ಇನ್ನು ಹುಳ ಬಿದ್ದ ಹಿಟ್ಟು, ಮುಗ್ಗಲು ಹಿಡಿದ ಎಣ್ಣೆ, ಅವಧಿ ಮುಗಿದ ಔಷಧಿ ಎಷ್ಟು ಅಗ್ಗಕ್ಕೆ ಬಂದಿದ್ದರೇನು?

ಇನ್ನೊಂದು ಮಾತು. ನಮ್ಮ ಬೀದಿಯ ಕೊನೆಯಲ್ಲೇ ಕಟ್ಟಡ ಕೆಲಸದವರ ಶೆಡ್‌ಗಳಿವೆ. ಅವರು ದಿನದ ಕೂಲಿ ಕೈಗೆ ಬಂದ ಮೇಲೆ ಸಂಜೆ ಅಂಗಡಿಗೆ ಬಂದು ಅವತ್ತಿನ ಎಣ್ಣೆ, ಅವತ್ತಿನ ಬೇಳೆ ಕೊಳ್ಳೋರು. ಅವರ ಮನೆಯಲ್ಲಿ ಹೆಚ್ಚುವರಿ ಅನ್ನೋದೇ ಇಲ್ಲ. 2020ರ ಆ ರಾತ್ರಿ ನಾನು ಎಲ್ಲಾ ಎರಡೆರಡು ತಗೋ ಅಂದೆನಲ್ಲ, ಆ ಎರಡನೆಯದು ಯಾರ ಕೈಗೆ ಹೋಗಬೇಕಿತ್ತು? ಕಾರು ಇದ್ದೋರು, ಕಾರ್ಡ್ ಇದ್ದೋರು ಡಿಕ್ಕಿ ತುಂಬಿಸಿಕೊಂಡು ಹೋದ ಮೇಲೆ, ಖಾಲಿ ರ‍್ಯಾಕಿನ ಮುಂದೆ ಬಂದು ನಿಲ್ಲೋನು ಕೊನೆಗೆ ಸಂಬಳ ಸಿಗುವವನೇ. ನಮ್ಮ ಅಟ್ಟದ ಮೇಲಿನ ಧೂಳು ಹಿಡಿದ ಕ್ಯಾನು ನೋಡಿದಾಗಲೆಲ್ಲ ನನಗೆ ಈ ಪ್ರಶ್ನೆ ಬರುತ್ತೆ.

ಹಾಗಾದರೆ ಏನ್ಮಾಡೋದು? ನಮ್ಮನೆಯಲ್ಲಿ ಈಗ ಒಂದೇ ನಿಯಮ. ಬಳಸ್ತಿರೋದು ಒಂದು, ಅದರ ಹಿಂದೆ ಒಂದು. ಹಿಂದಿನದನ್ನ ತೆರೆದ ದಿನ ಮಾತ್ರ ಫ್ರಿಜ್ ಮೇಲಿನ ಚೀಟಿಯಲ್ಲಿ ಬರೆಯೋದು. ಔಷಧಿ ಡಬ್ಬವನ್ನ ತಿಂಗಳ ಮೊದಲ ಭಾನುವಾರ ತೆರೆದು ದಿನಾಂಕ ನೋಡೋದು, ಬಾಟಲಿ ತೆರೆದ ದಿನವನ್ನ ಅದರ ಮೇಲೇ ಬರೆಯೋದು. ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್ ಮಾತ್ರೆ ನಡೀತಿದ್ದರೆ ಅದು ಮಾತ್ರ ಕೆಲವು ದಿನಕ್ಕೆ ಹೆಚ್ಚಾಗಿಯೇ ಇರಲಿ. ಆಪತ್ತಿಗೆ ಅಂತ ಸೂತ್ರದಲ್ಲಿ ಸೇರಿಸಿದೆವಲ್ಲ, ಅದು ಇದಕ್ಕೇ.

ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ದೊಡ್ಡ ಸಂಶೋಧನೆ ಮಾಡಿದೋನ ಹಾಗೆ ವಿವರಿಸಿದೆ. ಅಮ್ಮ ನಕ್ಕಳು. ನಾನು ಚಿಕ್ಕವನಿದ್ದಾಗ ತಿಂಗಳ ಮೊದಲ ವಾರ ಸಾಮಾನಿನ ಚೀಟಿ ಬರೆಯೋ ಕೆಲಸ ನನ್ನದಾಗಿತ್ತು. ಅಮ್ಮ ಅಡುಗೆಮನೆಯಲ್ಲಿ ನಿಂತು ಒಂದೊಂದೇ ಡಬ್ಬ ಕೈಗೆತ್ತಿಕೊಂಡು ಅಲ್ಲಾಡಿಸೋಳು. ಸದ್ದು ಕೇಳಿ ಹೇಳೋಳು: ಬೇಳೆ ಒಂದು ಕೇಜಿ ಬರಿ, ಸಕ್ಕರೆ ಈ ತಿಂಗಳು ಬೇಡ, ಸಾಸಿವೆ ನೂರು ಗ್ರಾಂ ಸಾಕು.

ಇವತ್ತು ರಾತ್ರಿ ಮೊಬೈಲಿನಲ್ಲಿ ಆಫರ್ ಬಂದಾಗ ಮೊದಲು ಅಡುಗೆಮನೆಗೆ ಹೋಗಿ. ಡಬ್ಬ ಅಲ್ಲಾಡಿಸಿ ನೋಡಿ. ಹಾಗೇ ಆ ಔಷಧಿ ಡಬ್ಬವನ್ನೂ ಒಮ್ಮೆ ತೆರೆದು ನೋಡಿಬಿಡಿ. ರಾತ್ರಿ ಎರಡೂವರೆಗೆ ಟಾರ್ಚ್ ಹಾಕಿ ನೋಡೋ ಹಾಗಾಗೋದು ಬೇಡ.